ಮರಳಿನ ಹೆಪ್ಪು

ನನಗೆ ಸಿಟ್ಟು ಬೇಗ ಬರುತ್ತದೆ. ಅವ್ವನಿಗೆ ಸಿಟ್ಟೇ ಬರುವುದಿಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ಶುದ್ಧ ಸುಳ್ಳು. ಅವಳಿಗೂ ಬರುತ್ತಿತ್ತು, ನನಗಿಂತ ಹೆಚ್ಚೇ ಬರುತ್ತಿತ್ತು. ತೋರಿಸಿದರೆ ಅವತ್ತು ಮನೆಗೆ ನೀರು ಇರುತ್ತಿರಲಿಲ್ಲ, ಅಷ್ಟೇ.

ನಮ್ಮೂರು ಇರುವುದು ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವ ಹಾದಿಯ ಎರೆಭೂಮಿಯಲ್ಲಿ. ಎಲ್ಲಿ ತೋಡಿದರೂ ನೀರು ಸವಳು. ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಕುಡಿಯುವುದಕ್ಕೆ ಇದ್ದದ್ದು ಮಳೆನೀರು ತುಂಬಿದ ಕೆರೆ ಒಂದೇ. ಆ ಕೆರೆಯ ಮೆಟ್ಟಿಲಿಗೆ ನಮ್ಮ ಕೇರಿಯವರು ಕಾಲಿಡುವ ಹಾಗಿರಲಿಲ್ಲ. ಅವ್ವ ಖಾಲಿ ಕೊಡ ಹಿಡಿದು ದಂಡೆಯ ಮೇಲೆ ನಿಲ್ಲಬೇಕು. ಮೇಲಿನ ಓಣಿಯ ಯಾರಾದರೂ ಹೆಂಗಸು ತನ್ನ ಕೊಡ ತುಂಬಿಕೊಂಡು ಹತ್ತಿ ಬರುವಾಗ, ಮನಸ್ಸು ಬಂದರೆ, ಮುಟ್ಟದ ಹಾಗೆ ಎತ್ತರದಿಂದ ಇವಳ ಕೊಡಕ್ಕೆ ಸುರಿಯಬೇಕು.

"ಎವ್ವಾ, ಒಂದ್ ಕೊಡ ಹಾಕ್ರಿ ಎವ್ವಾ" ಎಂದು ಅವ್ವ ತನಗಿಂತ ಸಣ್ಣ ಹುಡುಗಿಯರಿಗೂ ಅನ್ನುವುದನ್ನು ಕೇಳುತ್ತ ನಾನು ಬೆಳೆದೆ. ಕೆಲವರು ಚಲೋ ಮಂದಿ, ಕೇಳುವ ಮೊದಲೇ ಹಾಕುತ್ತಿದ್ದರು. ಕೆಲವರು ಹಾಕುವಾಗ ಅರ್ಧ ನೀರು ನೆಲದ ಪಾಲಾಗುತ್ತಿತ್ತು. ಇನ್ನು ಕೆಲವರಿಗೆ ಕಿವಿಯೇ ಕೇಳುತ್ತಿರಲಿಲ್ಲ. ಬಿಸಿಲೇರಿದಂತೆ ಅವ್ವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೇ ಇರುತ್ತಿದ್ದಳು. ಕೂಲಿಗೆ ಹೊತ್ತಾಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ, ಎಪ್ಪತ್ತರ ದಶಕ ಆಗ ತಾನೇ ಶುರುವಾಗಿತ್ತು, ಸರಕಾರದವರು ಕೆರೆಯ ಬಾಜೂ ಫಿಲ್ಟರ್ ಕಟ್ಟಿಸಿದರು. ಎರಡು ದೊಡ್ಡ ಸಿಮೆಂಟಿನ ತೊಟ್ಟಿ, ಅವುಗಳ ತುಂಬ ಮರಳು. ಕೆರೆಯ ನೀರು ಬಂದು ಮರಳಿನ ಮೇಲೆ ನಿಂತು, ಸಾವಕಾಶ ಒಳಗಿಳಿದು, ತಗ್ಗಿನಲ್ಲಿ ನೀರು ಕೂಡಿಡಲು ಕಟ್ಟಿದ ಹೌದಿಗೆ ಸೇರುವುದು. ಹೌದಿನ ಗೋಡೆಗೆ ಒಂದು ನಳ. ಉದ್ಘಾಟನೆಗೆ ಬಂದ ಸಾಹೇಬರು, ಇದು ಸರಕಾರದ ನಳ, ಯಾರು ಬೇಕಾದರೂ ತಿರುವಬಹುದು ಎಂದು ಭಾಷಣ ಮಾಡಿ ಹೋದರು. ಮೇಲಿನ ಓಣಿಯಲ್ಲಿ ಗುಸುಗುಸು ಆಯಿತು. ಆದರೆ ಕೆರೆಯ ಮೆಟ್ಟಿಲು ಹಿರಿಯರದು, ನಳ ಸರಕಾರದ್ದು. ಅದಕ್ಕೆ ಏನು ಅನ್ನಬೇಕೆಂದು ಯಾರಿಗೂ ತಿಳಿಯಲಿಲ್ಲ.

ಮೊದಲ ದಿನ ಅವ್ವ ನಳ ತಿರುವಿದಳು, ನೀರು ಧೋ ಎಂದು ಬಂದದ್ದೇ ಹೆದರಿ ಬಂದ್ ಮಾಡಿದಳು. ಸುತ್ತ ನೋಡಿದಳು. ಯಾರೂ ಏನೂ ಅನ್ನಲಿಲ್ಲ. ಮತ್ತೆ ತಿರುವಿದಳು. ಮನೆಗೆ ಬಂದು ಕೊಡ ಇಳಿಸಿ, "ನಾನ ತುಂಬಿದ್ನಿ ನೋಡ ಬೇ, ನನ್ನ ಕೈಲೆ" ಎಂದಳು. ಅಷ್ಟು ಹೇಳಿ ಹೊಲಕ್ಕೆ ಹೋದಳು.

ಮುಂದೆ ನಾನು ಬಿ.ಎಸ್ಸಿ. ಓದಲು ಧಾರವಾಡಕ್ಕೆ ಹೋದೆ, ಹಾಸ್ಟೆಲಿನಲ್ಲಿದ್ದೆ. ಎರಡನೇ ವರ್ಷ ಗಣಪತಿ ಹಬ್ಬದ ಸೂಟಿಗೆ ಊರಿಗೆ ಬರುತ್ತಿದ್ದೆ. ಅಣ್ಣಿಗೇರಿಯವರೆಗೆ ರೈಲು, ಅಲ್ಲಿಂದ ಯಾರದೋ ಚಕ್ಕಡಿ. ಚಕ್ಕಡಿ ಕೆರೆಯ ಏರಿ ಹತ್ತಿತು, ನೋಡುತ್ತೇನೆ, ಅವ್ವ ದಂಡೆಯ ಮೇಲೆ ಖಾಲಿ ಕೊಡ ಹಿಡಿದು ನಿಂತಿದ್ದಾಳೆ! ಫಿಲ್ಟರಿನ ನಳಕ್ಕೆ ಸರಪಳಿ ಸುತ್ತಿ ಕೀಲಿ ಜಡಿದಿತ್ತು.

ನಾನು ಚಕ್ಕಡಿಯಿಂದ ಜಿಗಿದವಳೇ, "ಇದೇನ ಬೇ?" ಎಂದೆ. ಅವ್ವ ನನ್ನ ಕೈ ಒತ್ತಿ, "ಈಗ ಬ್ಯಾಡ. ಆ ಎವ್ವಾರು ಬರಾಕ ಹತ್ಯಾರ, ನೀರ ಹಾಕ್ತಾರ. ಮನಿಗೆ ಹೋಗಿ ಮಾತಾಡೂಣು" ಎಂದಳು. ನಾನು ಹಲ್ಲು ಕಚ್ಚಿಕೊಂಡು ನಿಂತೆ.

ಮನೆಯಲ್ಲಿ ಅವ್ವ ಹೇಳಿದ್ದು ಇಷ್ಟು. ಶ್ರಾವಣದಲ್ಲಿ ಮಠದ ಅಜ್ಜಾರು ಊರಿಗೆ ಪ್ರವಚನಕ್ಕೆ ಬರುವವರಿದ್ದರು. ಅಜ್ಜಾರು ಬರುತ್ತಾರೆ ಎಂದರೆ ಊರಿಗೆ ಊರೇ ತೊಳೆಯುವುದು ನಮ್ಮ ಕಡೆಯ ರೂಢಿ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ತಾಮ್ರದ ಕೊಡಕ್ಕೆ ಹುಣಸೆಹಣ್ಣು. ಊರ ಗೌಡರೇ ಪಂಚಾಯ್ತಿಯ ಚೇರ್ಮನ್‌ರೂ ಆಗಿದ್ದರು. ಅವರು ಫಿಲ್ಟರಿನ ತೊಟ್ಟಿಯನ್ನೂ ಇಣುಕಿ ನೋಡಿದರು. ನೀರಿನ ತಳದಲ್ಲಿ, ಮರಳಿನ ಮೇಲೆ, ಹಸಿರೂ ಅಲ್ಲದ ಕಂದೂ ಅಲ್ಲದ ಲೋಳೆ ಹಾಸಿಕೊಂಡಿತ್ತು. ಅದು ಯಾವಾಗಲೂ ಇರುತ್ತಿತ್ತು. ನೀರು ಇಳಿಯುವುದು ತಡವಾದಾಗ ಫಿಲ್ಟರಿನ ಕಾವಲುಗಾರ ಒಂದು ತೊಟ್ಟಿಯದನ್ನು ಉಗುರು ದಪ್ಪ ಕೆರೆದು ತೆಗೆಯುತ್ತಿದ್ದ, ಇನ್ನೊಂದನ್ನು ಹಾಗೇ ಬಿಡುತ್ತಿದ್ದ. ಗೌಡರು ಮಾತ್ರ ಅದನ್ನು ಮೊದಲ ಸಲ ಕಣ್ಣಿಟ್ಟು ನೋಡಿದ್ದು. "ಶಿವಶಿವಾ, ಇದನ್ನ ಅಜ್ಜಾರಿಗೆ ಕುಡಸೂದ?" ಎಂದವರೇ ಎರಡೂ ತೊಟ್ಟಿ ಬರಿದು ಮಾಡಿಸಿದರು. ಲೋಳೆ ಕೆರೆದು ಹೊತ್ತು ಹಾಕುವ ಕೆಲಸಕ್ಕೆ ನಮ್ಮ ಕೇರಿಯ ಹೆಂಗಸರು. ಮರಳು ತೊಳೆಯುವ ಸೇವೆಗೆ ಮೇಲಿನ ಓಣಿಯ ಭಕ್ತರು. ಅಕ್ಕಿ ತೊಳೆದ ಹಾಗೆ ಮರಳು ತೊಳೆದರಂತೆ, ಏಳು ನೀರು ಎಂಟು ನೀರು ಹಾಕಿ, ಬಿಸಿಲಿಗೆ ಹರವಿ ಗರಿಗರಿ ಒಣಗಿಸಿ, ಮತ್ತೆ ತುಂಬಿದರಂತೆ. ಗೌಡರು ತಾವೇ ಧೋತರ ಮೇಲೆ ಕಟ್ಟಿ ಬುಟ್ಟಿ ಎತ್ತಿದರು. ಪ್ರಸಾದಕ್ಕೆ ವಾಸನೆ ಬರುತ್ತದೆಂದು ಹೌದಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನೂ ಆ ದಿನಗಳಲ್ಲಿ ನಿಲ್ಲಿಸಿದರು.

ಅದೇ ಹೊತ್ತಿಗೆ ಮಳೆ ಹಿಡಿದು, ಹೊಲ ಹಿತ್ತಿಲೆಲ್ಲ ತೊಳೆದ ಹೊಸ ನೀರು ಕೆರೆಗೆ ಬಂತು. ತೊಳೆದ ಮರಳಿನಿಂದ ಇಳಿದ ನೀರು ನೋಡಲು ತಿಳಿಯಾಗಿತ್ತು. ಮಂದಿ ಕುಡಿದರು, ಪ್ರಸಾದ ಉಂಡರು. ವಾಂತಿಭೇದಿ ಶುರುವಾಯಿತು. ಗೌಡರ ಮೊಮ್ಮಗಳು ಮಲಗಿದಳು, ನಮ್ಮ ಕೇರಿಯಲ್ಲಿ ಮನೆಗೊಬ್ಬರು ಮಲಗಿದರು. ಅಣ್ಣಿಗೇರಿಯಿಂದ ಡಾಕ್ಟರರು ಬಂದು ಕನ್ನಡ ಸಾಲಿಯ ಕೋಣೆಯಲ್ಲಿ ಸಲೈನ್ ಏರಿಸಿದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಎಲ್ಲರೂ ಎದ್ದು ಕುಳಿತ ಮೇಲೆ ಊರಿನಲ್ಲಿ ಒಂದು ಮಾತು ಹುಟ್ಟಿತು. ಮರಳನ್ನು ಇಷ್ಟು ಹಸನು ಮಾಡಿದರೂ ನೀರು ಕೆಟ್ಟಿತು ಎಂದರೆ ಕೆಟ್ಟದ್ದು ಮರಳಿನಿಂದಲ್ಲ, ನಳ ಮುಟ್ಟುವ ಕೈಗಳಿಂದ. ಕೈಗಳು ಎಂದರೆ ಯಾರ ಕೈಗಳು ಎಂದು ಬಿಡಿಸಿ ಹೇಳುವ ಗರಜು ಇರಲಿಲ್ಲ. ನಳಕ್ಕೆ ಕೀಲಿ ಬಿತ್ತು, ಊರೆಲ್ಲ ಹಳೆಯ ಮೆಟ್ಟಿಲಿಗೆ ಹೋಯಿತು, ಅವ್ವ ಹಳೆಯ ದಂಡೆಗೆ.

ನಾನು ಆ ಸಂಜೆಯೇ ಗೌಡರ ಕಟ್ಟೆಯ ಮುಂದೆ ನಿಂತೆ. ಅವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಕೆಟ್ಟವರಾಗಿದ್ದರೆ ಜಗಳ ಸಲೀಸಾಗುತ್ತಿತ್ತು.

"ನಿಮ್ಮ ಮಂದಿ ಮುಟ್ಟಿದ್ದಕ್ಕ ಆತು ಅಂತ ನಾ ಅನ್ನಂಗಿಲ್ಲವಾ. ಮಂದಿ ಅಂತಾರ. ನಾ ಏನ್ ಮಾಡ್ಲಿ?"

"ನೀವು ಅನ್ನಂಗಿಲ್ಲ ಅಂದ್ರ ಕೀಲಿ ತಗೀರಿ."

"ಮತ್ತ ಮಂದಿ ಮಲಗಿದ್ರ?"

ಆ ಪ್ರಶ್ನೆ ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ಧಾರವಾಡದ ನಮ್ಮ ಸರ್‌ಗೆ ತೋರಿಸುತ್ತೇನೆ, ಒಂದು ಬಾಟಲಿ ಮರಳು ಕೊಡಿ ಎಂದು ಕೇಳಿದೆ. "ಒಯ್ಯವಾ, ಒಯ್ಯಿ. ಮುತ್ತಿನಂಗ ಮಾಡೇವಿ" ಎಂದರು ಗೌಡರು. ಆ ದನಿಯಲ್ಲಿ ಅಭಿಮಾನವಿತ್ತು.

ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸರ್ ವಯಸ್ಸಾದವರು, ಧೋತರದ ಮೇಲೆ ಕೋಟು ಹಾಕುತ್ತಿದ್ದರು, ಮಾತಿನ ನಡುವೆ ಏನು ಹೇಳುತ್ತಿದ್ದೆ ಎಂಬುದನ್ನೇ ಮರೆಯುತ್ತಿದ್ದರು. ಅವರು ನಮ್ಮೂರಿನ ಒಂದು ಚಿಟಿಕೆ ಮರಳನ್ನು ನೀರಿನ ಹನಿಯೊಂದಿಗೆ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ, ನನ್ನನ್ನೂ ಕರೆದರು. ಹರಳುಗಳು ಕಂಡವು, ಬೋಳು ಹರಳುಗಳು. ಆಮೇಲೆ ಕಪಾಟಿನಿಂದ ಒಂದು ಬರಣಿ ತೆಗೆದರು. ಬೇರೆ ಯಾವುದೋ ಹಳೆಯ ಫಿಲ್ಟರಿನ ಲೋಳೆ ಮರಳನ್ನು ಪಾಠಕ್ಕೆಂದು ನೀರು ಹಾಕಿ ಇಟ್ಟಿದ್ದರು. ಅದರ ಹನಿಯನ್ನು ನೋಡಿದೆ.

ಅಯ್ಯಯ್ಯೋ, ಆ ಸಂತೆಯನ್ನು ಏನೆಂದು ಹೇಳಲಿ! ಒಂದೊಂದು ಹರಳಿಗೂ ಏನೇನೋ ಅಂಟಿತ್ತು. ಕಡ್ಡಿಯಂಥವು, ದುಂಡನೆಯವು, ಎಳೆ ಎಳೆಯಾಗಿ ಜೋತವು. ಅವುಗಳ ನಡುವೆ ಸ್ವಲ್ಪ ದೊಡ್ಡವು ಓಡಾಡುತ್ತ ಸಣ್ಣವನ್ನು ಮೇಯುತ್ತಿದ್ದವು. ಯಾವುದೂ ಸುಮ್ಮನೆ ಇರಲಿಲ್ಲ.

"ನೀರು ಸೋಸೂದು ಮರಳಲ್ಲವಾ, ಇವು" ಎಂದರು ಸರ್. "ಬರೇ ಮರಳು ಹುಲ್ಲುಕಡ್ಡಿ ಹಿಡೀತದ, ಅಷ್ಟ. ರೋಗದ ಹುಳಾನ ಹಿಡದು ತಿಂದು ಹಾಕೋವು ಇವು. ನಿಮ್ಮ ಊರವರು ಮನೀ ಮಂದೀನೆಲ್ಲಾ ಹೊರಗ ಹಾಕಿ, ಖಾಲಿ ಮನಿಗೆ ಕಾವಲು ಕಾಯಿ ಅಂತ ಹೇಳ್ಯಾರ."

"ಇವಕ್ಕೆ ಹೆಸರೇನು ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಒಂದೆರಡಕ್ಕ ಅದಾವ. ಉಳಿದವಕ್ಕ ಯಾರೂ ಇಟ್ಟಿಲ್ಲ. ನಾವು ತಟ್ಟ್ಯಾಗ ಬೆಳಸಿದ್ರ ಬೆಳಿಯೋವು ಕೆಲವ. ಹೆಚ್ಚಿನವು ಅಲ್ಲಿ ಬೆಳಿಯೂದ ಇಲ್ಲ, ತಮ್ಮ ಜಾಗಾದಾಗಷ್ಟ ಇರತಾವ. ರೋಗ ತರೂ ಹುಳದ ಮ್ಯಾಲೆ ಇಷ್ಟಿಷ್ಟು ದಪ್ಪ ಪುಸ್ತಕ ಅದಾವ. ಸುಮ್ಮನ ಕೆಲಸ ಮಾಡ್ಕೋತ ಇದ್ದವನ್ನ ಯಾರು ಕೇಳ್ತಾರ?"

ಆ ಮಾತು ನನ್ನಲ್ಲಿ ಇಳಿಯುತ್ತಲೇ ಹೋಯಿತು. ಮುಂದೆ ನಾನೂ ವಿಜ್ಞಾನದ ಟೀಚರ್ ಆದೆ. ಬ್ಯಾಕ್ಟೀರಿಯಾ ಎಂಬ ಪಾಠ ಎಲ್ಲ ಪುಸ್ತಕಗಳಲ್ಲೂ ಕಾಲರಾದಿಂದಲೇ ಶುರುವಾಗುತ್ತಿತ್ತು. ನಾನು ಅದನ್ನು ಬದಿಗಿಟ್ಟು, ನೀರಿನ ತೊಟ್ಟಿಯ ಲೋಳೆಯಿಂದ ಶುರು ಮಾಡುತ್ತಿದ್ದೆ. ಇನ್‌ಸ್ಪೆಕ್ಷನ್ನಿಗೆ ಬಂದವರು ಹುಬ್ಬು ಗಂಟು ಹಾಕಿದರೆ ಹಾಕಲಿ. ನಾವು ದಿನಾ ಕುಡಿಯುವ ನೀರನ್ನು ಕಾಯುವವರು ಎಷ್ಟು ಮಂದಿ, ಯಾರು ಯಾರು, ಒಬ್ಬರಿಗೊಬ್ಬರು ಏನಾಗಬೇಕು, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅವರನ್ನು ಕೆರೆದು ಬಿಸಾಡಲು ಮಾತ್ರ ನಮಗೆ ಎಲ್ಲಿಲ್ಲದ ಉತ್ಸಾಹ. ಇದು ನನ್ನನ್ನು ಈಗಲೂ ಕಾಡುತ್ತದೆ.

ಅದಿರಲಿ. ಮುಂದಿನ ಭಾನುವಾರ ಮತ್ತೆ ಗೌಡರ ಕಟ್ಟೆಗೆ ಹೋದೆ. ಅವ್ವ ನನ್ನ ಹಿಂದೆ, ಅಂಗಳದಲ್ಲಿ ನಿಂತಳು. ಸರ್ ಹೇಳಿದ್ದನ್ನೆಲ್ಲ ಹೇಳಿದೆ. ಹೇಳಿದೆನೋ ಒದರಿದೆನೋ. ಗೌಡರು ಕೇಳಿ ನಕ್ಕರು.

"ಅಲ್ಲವಾ, ಹೊಲಸ ಹಾಕಿ ನೀರ ಹಸನ ಮಾಡೂದು ಅಂದ್ರ ಇದ್ಯಾವ ಶಾಸ್ತ್ರ? ಹುಳಾ ಬಿಟ್ಟು ಹುಳಾ ತಿನ್ನಸೂದು? ಧಾರವಾಡದಾಗ ಇದನ್ನ ಕಲಸ್ತಾರ?"

ನಾನು ಮತ್ತೆ ವಿವರಿಸಿದೆ. ಅವರು ಮತ್ತೆ ತಲೆ ಅಲ್ಲಾಡಿಸಿದರು. ನನ್ನ ದನಿ ಏರಿತು, ಅವ್ವ ಹಿಂದಿನಿಂದ ಸೆರಗು ಜಗ್ಗಿದಳು. ಆಗ ಬಾಗಿಲ ಬಳಿ ನಿಂತು ಕೇಳುತ್ತಿದ್ದ ಗೌಡರ ಹೆಂಡತಿ ಬಾಯಿ ಹಾಕಿದರು.

"ಅಕಿ ಹೇಳೂದು ಹೆಪ್ಪಿನಂಗ ಐತಲ್ರಿ. ಗಡಗಿ ಥಳಥಳ ತೊಳದು ಬರೇ ಹಾಲ ಇಟ್ರ ಮೊಸರ ಆಗ್ತೈತೇನ್ರಿ? ಕೆಟ್ಟು ನಾರ್ತೈತಿ. ನಿನ್ನಿ ಮೊಸರಿಂದು ಒಂದೀಟ ಬಿಟ್ಟಿರಬೇಕು. ನೀವು ಹೆಪ್ಪಿನ ಗಡಗೀನ ತೊಳದ ಇಟ್ಟೀರಿ."

ಅಗದಿ ಸರಿಯಾದ ಮಾತು! ಇಷ್ಟು ದೂರ ಹೋಗಿ ಓದಿ ಬಂದ ನನಗೆ ಅದು ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಹೆಪ್ಪು ಹಾಕುವಷ್ಟು ಹಾಲು ಎಂದೂ ಇರಲಿಲ್ಲವಲ್ಲ. ಗೌಡರು ಎಲೆ ಅಡಿಕೆ ಬಾಯಿಗಿಟ್ಟರು. ಕಡೆಗೆ, "ಹಂಗಾರ ಹೆಪ್ಪು ಎಲ್ಲಿಂದ ತರೂದು?" ಎಂದರು.

"ಮನ್ಯಾಗ ತೀರಿದ್ರ ಬಾಜೂ ಮನಿಂದ ಇಸ್ಕೊಂಡ ಬರೂದಿಲ್ಲೇನ್ರಿ?" ಎಂದರು ಹೆಂಡತಿ.

ಶಲವಡಿಯ ಆಚೆ ಇನ್ನೊಂದು ಊರಿನಲ್ಲಿ ಇಂಥದೇ ಫಿಲ್ಟರ್ ಇತ್ತು. ಅಲ್ಲಿಂದ ಲೋಳೆ ಮರಳು ತರುವುದು, ಒಂದು ತೊಟ್ಟಿಗೆ ಹರವುವುದು, ಲೋಳೆ ಕೂಡುವವರೆಗೆ ಆ ನೀರನ್ನು ಯಾರೂ ಕುಡಿಯದೆ ಹೊಲಕ್ಕೆ ಬಿಡುವುದು ಎಂದಾಯಿತು. ಗೌಡರು ಒಂದು ಕರಾರು ಹಾಕಿದರು. "ಇದು ನಡದ್ರ ಕೀಲಿ ತಗೀತೀನಿ. ನಡೀಲಿಲ್ಲಂದ್ರ ನಳಾನ ಕಿತ್ತ ಹಾಕಸ್ತೀನಿ. ಆಮ್ಯಾಲೆ ಯಾರೂ ಬಂದು ಕೇಳಂಗಿಲ್ಲ." ನಾನು ಹ್ಞೂಂ ಎಂದುಬಿಟ್ಟೆ. ಎಂದ ಮೇಲೆ ಅವ್ವನ ಮುಖ ನೋಡಿದೆ. ಕಳೆದುಕೊಳ್ಳುವವಳು ಅವಳು, ಹ್ಞೂಂ ಅಂದವಳು ನಾನು.

ಮರುದಿನ ಬೆಳಿಗ್ಗೆ ಗೌಡರ ಚಕ್ಕಡಿ ಹೊರಟಿತು, ಜೊತೆಗೆ ನಾನು, ಅವ್ವ, ಕೇರಿಯ ಹೆಂಗಸರು. ಹೊರಡುವಾಗ ಅವರ ಹೆಂಡತಿ, ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ, ಹೊತ್ತಿರುತ್ತ ಬಂದುಬಿಡಿ ಎಂದು ತಾಕೀತು ಮಾಡಿದರು. ಮೊಸರಿನ ರೂಢಿ ಲೋಳೆಗೂ! ಆ ಊರಿನ ಕಾವಲುಗಾರ ಬಿದ್ದು ಬಿದ್ದು ನಕ್ಕ. "ಚಲೋ ಇಸ್ಕೊಳ್ಳಾಕ ಬಂದೀರಿ ಬಿಡ್ರಿ. ಒಯ್ರಿ, ಹೊಳ್ಳಿ ಕೊಡೂದ ಬ್ಯಾಡ" ಎಂದು ಕೆರೆದಿಟ್ಟದ್ದನ್ನೆಲ್ಲ ಕೊಟ್ಟ. ಅವ್ವ ಮತ್ತು ನಮ್ಮ ಕೇರಿಯ ಹೆಂಗಸರು ಅದನ್ನು ಕೊಡಗಳಿಗೆ ತುಂಬಿದರು. ಮೇಲೆ ನೀರು ನಿಲ್ಲಿಸಿ, ಒದ್ದೆ ಗೋಣಿಚೀಲ ಮುಚ್ಚಿ, ಬಿಸಿಲು ತಾಗದಂತೆ ತಂದೆವು.

ನಮ್ಮೂರಿಗೆ ಬಂದ ಮೇಲೆ ಆ ಲೋಳೆಯನ್ನು ಮುಟ್ಟುವವರು ಯಾರೂ ಇಲ್ಲ. ಮೇಲಿನ ಓಣಿಯ ಹೆಂಗಸರು ಮೂಗಿಗೆ ಸೆರಗು ಹಿಡಿದು ದೂರ ನಿಂತರು. ಅವ್ವ ಸೀರೆ ಎತ್ತಿ ಕಟ್ಟಿ ತೊಟ್ಟಿಯೊಳಗೆ ಇಳಿದಳು. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ, ಮರಳಿನ ಮೇಲೆ ಕೈಯಿಂದಲೇ ಸಾವಕಾಶ ಹರವಿದಳು. ಗೌಡರು ಗೋಡೆಯ ಮೇಲಿಂದ, "ಆ ಮೂಲ್ಯಾಗ ಇನ್ನೊಂದೀಟ ಹಾಕು" ಎಂದು ಹೇಳುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು. ಊರೆಲ್ಲ ಕುಡಿಯುವ ನೀರಿನ ತೊಟ್ಟಿಯಲ್ಲಿ ನನ್ನ ಅವ್ವ ನಿಂತಿದ್ದಳು, ಅದು ಯಾರಿಗೂ ಮೈಲಿಗೆ ಆಗಲಿಲ್ಲ! ಹೊಲಸು ಎಂದಾಗ ನಮ್ಮ ಕೈ ನಡೆಯುತ್ತದೆ, ನೀರು ಎಂದಾಗ ನಡೆಯುವುದಿಲ್ಲ. ಇದನ್ನೇ ಒದರಿಬಿಡೋಣ ಎಂದು ಬಾಯಿ ತೆರೆದೆ. ಅವ್ವ ತಲೆ ಎತ್ತಿ ನನ್ನನ್ನು ನೋಡಿ, "ಸುಮ್ನಿರ ಬೇ. ಮೊದ್ಲ ನೀರ ಹಸನಾಗ್ಲಿ" ಎಂದಳು.

ನೀರು ಹೊಲಕ್ಕೆ ಹರಿಯತೊಡಗಿತು. ನಾನು ಧಾರವಾಡಕ್ಕೆ ಹೋದರೂ ಜೀವವೆಲ್ಲ ಆ ತೊಟ್ಟಿಯಲ್ಲೇ. ಮಳೆ ಜೋರಾದರೆ ಲೋಳೆ ಎದ್ದು ಹೋದೀತೆಂಬ ಹೆದರಿಕೆ, ಬಿಸಿಲಾದರೆ ನೀರು ಇಳಿದು ಒಣಗೀತೆಂಬ ಹೆದರಿಕೆ. ಸರ್ ಪರೀಕ್ಷೆ ಮಾಡಲು ಕುದಿಸಿದ ಬಾಟಲಿ ಕೊಡುತ್ತಿದ್ದರು, ಭಾನುವಾರ ಊರಿಗೆ ಹೋಗಿ ನೀರು ತುಂಬಿ ತರುತ್ತಿದ್ದೆ. ಮೊದಲ ಸಲ ಅವರು ಇನ್ನೂ ಇಲ್ಲ ಎಂದು ತಲೆ ಅಲ್ಲಾಡಿಸಿದರು. ಎರಡನೇ ಸಲವೂ ಅಲ್ಲಾಡಿಸಿದರು. ಅಷ್ಟರಲ್ಲಿ ಊರಿನಲ್ಲಿ ನಗೆಚಾಟಿಕೆ ಶುರುವಾಗಿತ್ತು, ಲೋಳೆಗೆ ಮಂಗಳಾರತಿ ಯಾವಾಗ ಎಂದು ಕೇಳುವವರು ಹುಟ್ಟಿಕೊಂಡಿದ್ದರು. ಅವ್ವ ದಂಡೆಯ ಮೇಲೆ ನೀರಿಗೆ ನಿಂತಾಗ ಆ ಮಾತನ್ನೂ ಕೇಳಬೇಕಾಗಿತ್ತು. ನಾನು ಸೋತೆ ಎಂದು ಒಂದು ದಿನ ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ.

ನವರಾತ್ರಿಯ ಹೊತ್ತಿಗೆ ಮರಳಿನ ಮೇಲೆ ಕೆನೆಗಟ್ಟಿದ ಹಾಗೆ ಲೋಳೆ ಕೂಡಿತು. ಆ ಸಲದ ಬಾಟಲಿ ನೋಡಿ ಸರ್, "ನಡೀತವಾ. ಬಂದು ಕೂತಾವ. ಚಲೋ ನೀರು ಅದ" ಎಂದರು. ನಾನು ಅವರ ಕಾಲಿಗೆ ಬೀಳಹೋದೆ, ಅವರು ಗಾಬರಿಯಾಗಿ ಹಿಂದೆ ಸರಿದು ಬರಣಿಯನ್ನು ಕೆಡವಿದರು.

ಗೌಡರು ಮಾತು ತಪ್ಪುವವರಲ್ಲ. ನಾನು ಊರಿಗೆ ಬರುವ ಹೊತ್ತಿಗೆ ಕೀಲಿ ತೆಗೆದಿದ್ದರು. ಮಂದಿ ನೀರು ಒಯ್ಯುತ್ತಿದ್ದರು. ನಾನು ಓಡುತ್ತ ಹೋದೆ. ಹೋಗಿ ನೋಡಿದರೆ ಹೌದಿನ ಇನ್ನೊಂದು ಬದಿಯ ಗೋಡೆಗೆ, ನಮ್ಮ ಕೇರಿಯ ಕಡೆಗೆ, ಹೊಸದೊಂದು ನಳ.

"ನಿಮಗಂತನ ಹಾಕಸೇನವಾ" ಎಂದರು ಗೌಡರು. ದನಿಯಲ್ಲಿ ನಿಜವಾದ ಪ್ರೀತಿಯಿತ್ತು. "ನಿಮ್ಮವ್ವ ತೊಟ್ಟ್ಯಾಗ ಇಳದು ಅಷ್ಟ ಕಷ್ಟಪಟ್ಲು. ಇನ್ನ ಗದ್ಲ ಇಲ್ಲ, ಸಾಲಿನ್ಯಾಗ ನಿಂದ್ರೂದಿಲ್ಲ. ಆರಾಮ ತುಂಬ್ಕೋರಿ."

ಅದೇ ತೊಟ್ಟಿ, ಅದೇ ಲೋಳೆ, ಅದೇ ಹೌದು, ಅದೇ ನೀರು. ಸಿಟ್ಟು ಬಂದಾಗ ಮಾತು ಸಿಗದೆ ನಿಂತದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ.

ಅವ್ವ ಬಂದಳು. ಕಂಕುಳಲ್ಲಿ ಖಾಲಿ ಕೊಡ. ಗೌಡರು ಹೊಸ ನಳದ ಕಡೆ ಕೈ ತೋರಿಸಿದರು. ಅವ್ವ ಅದನ್ನು ನೋಡಿದಳು, ಗೌಡರಿಗೆ ಕೈ ಮುಗಿದಳು. ಆಮೇಲೆ ಹೌದನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಹಳೆಯ ನಳದ ಮುಂದಿನ ಉದ್ದ ಸಾಲಿನ ಕಟ್ಟಕಡೆಗೆ ನಿಂತಳು.

ಸಾಲಿನಲ್ಲಿದ್ದ ಗೌಡರ ಹೆಂಡತಿ ತಿರುಗಿ ನೋಡಿದರು. "ಅಲ್ಲೆ ಖಾಲಿ ಐತೆಲ್ಲ ಬೇ, ಯಾರೂ ಇಲ್ಲ" ಎಂದರು.

"ಇರ್ಲಿ ಬಿಡ್ರಿ ಎವ್ವಾ" ಎಂದಳು ಅವ್ವ. "ನನಗೇನ್ ಅವಸರಿಲ್ಲ."